ಇಟಲಿಯ ಶಲ್ಲಾನ್ ಮನೆತನದ ವಾಡೆ ಉಳೀತು, ನಮ್ಮದ್ಯಾಕ ಬೀಳ್ಲತ್ತದ?

ಕಾಗಿಣಾ ದಂಡಿ:

ಎಲ್ಲರಿಗೂ ಶರಣ್ರಿ. ನಮ್ದು ಚಿತ್ತಾಪುರ ತಾಲೂಕು, ಕಾಗಿಣಾ ಹೊಳಿ ದಂಡಿ ಮ್ಯಾಲಿನ ಒಂದು ಹಳ್ಳಿ. ಊರ ಹೆಸರು ಬರೆಯಂಗಿಲ್ಲ, ಕೋರ್ಟಿನಾಗ ಕೇಸ್ ನಡದದ.

ನಮ್ಮ ಅಕ್ಕನ ಮಗ ಇಟಲಿಯ ತೋರಿನೊದಾಗ ನೌಕರಿಗೆ ಇದ್ದಾನ. ಹೋದ ಐತಾರ ಗೆಳೆಯರ ಕೂಡ ಆಲ್ಪ್ಸ್ ಗುಡ್ಡದ ಕಡಿ ಹೋಗಿ ಒಂದು ಹಳೇ ಕೋಟಿಮನಿ ನೋಡ್ಕೊಂಡು ಬಂದು, ಮನಿ ಗ್ರೂಪಿನ್ಯಾಗ ನಲವತ್ತು ಫೋಟೋ ಚೆಲ್ಲಿದ. ಕೆಳಗ ಒಂದೇ ಸಾಲು: "ಮಾಮಾ, ಥೇಟ್ ನಮ್ಮ ವಾಡೆ ಅದ ನೋಡು."

ನಾ ನಕ್ಕೆ. ಆಮ್ಯಾಲ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದೆ. ಹುಡುಗ ಸುಳ್ಳು ಹೇಳಿಲ್ಲ. ಊರ ನಡುವೇ ಅದ. ಹೊರಗಿಂದ ನೋಡಿದ್ರ ಬರೇ ಗ್ವಾಡಿ, ಮೂಲಿಗೊಂದು ಗಿಡ್ಡ ಗೋಪುರ, ಅಂಥಾ ಡೌಲೇನಿಲ್ಲ. ಒಳಗ ಕಾಲಿಟ್ರ ಅಂಗಳ, ಕಮಾನಿನ ಪಡಸಾಲಿ, ಗ್ವಾಡಿ ತುಂಬ ಚಿತ್ರ, ಅಂಗಳದಾಗ ಕಬ್ಬಿಣದ್ದೊಂದು ಗಿಡ, ಅದರಾಗಿಂದ ನೀರು. ಊರು ಇಸೊನ್ಯ ಅಂತ, ಆವೊಸ್ತಾ ಕಣಿವಿಯೊಳಗ. ಮನೆತನದ ಹೆಸರು ಶಲ್ಲಾನ್.

ಈಗ ನಮ್ಮದು ಕೇಳ್ರಿ. ನಮ್ದು ಮಾಲಿಪಾಟೀಲಕಿ ಮನೆತನ. ವಾಡೆಕ್ಕ ದೇವಡಿ ಅದ, ಎರಡು ಹುಡೇವು (ಬುರುಜು) ಅವ, ಒಂದರ ತಲಿ ಹೋಗ್ಯದ. ಒಳಗ ಶಹಾಬಾದ್ ಫರಸಿ ಹಾಸಿದ ಅಂಗಳ, ಮೂರು ಕಡಿ ಪಡಸಾಲಿ, ಸಾಗವಾನಿ ಕಂಬ ಹದಿನಾರು. ಮುತ್ಯಾನ ಕಾಲಕ್ಕ ಒಂದೇ ಒಲಿ ಇತ್ತು. ಈಗ ಹನ್ನೊಂದು ಪಾಲುದಾರರು. ಒಬ್ರು ಪುಣೆ, ಇಬ್ರು ಹೈದರಾಬಾದ್, ಉಳದವರು ಕಲಬುರಗಿ. ಊರಾಗಿರೋದು ನಮ್ಮ ಸಣ್ಣಕಾಕಾ ಒಬ್ಬಾಂವ, ಅಂವನೂ ವಾಡೆದಾಗ ಮಲಗಂಗಿಲ್ಲ, ತೋಟದಾಗ ಮಲಗ್ತಾನ. ಹೋದ ವರ್ಷ ಮಳಿಗೆ ಪಡುವಣ ಪಡಸಾಲಿ ಜಂತಿ ಮುರದು ಮಾಳಗಿ ಮಣ್ಣೆಲ್ಲ ಒಳಗ ಕುಂತದ. ಇನ್ನೂ ಯಾರೂ ತೆಗಿಸಿಲ್ಲ. ತೆಗಿಸಿದಾಂವ ರೊಕ್ಕ ಹಾಕ್ಬೇಕು, ರೊಕ್ಕ ಹಾಕಿದಾಂವ ನಾಳಿಗಿ ಹಕ್ಕ ಕೇಳ್ತಾನ ಅಂತ ಉಳದ ಹತ್ತು ಮಂದಿಗೆ ಹೆದರಿಕಿ. ಇದರ ನಡುವ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಬಂದು ಕಂಬಕ್ಕ ಇಷ್ಟು, ಬಾಗಿಲಕ್ಕ ಇಷ್ಟು ಅಂತ ರೇಟ್ ಹೇಳಿ ಹೋಗ್ಯಾನ. ಕೇಳಿ ಮೂರು ಮಂದಿ ಆಗಲೇ ಮೆತ್ತಗಾಗ್ಯಾರ.

500 ವರ್ಷದ ಆ ಮನಿ ಹೆಂಗ ಉಳೀತು? ಅವರಾಗ ದಾಯಾದಿ ಜಗಳ ಇರಲಿಲ್ಲೇನು? ಹೆಣ್ಣಮಕ್ಕಳ ಪಾಲು ಏನಾತು? "ಫಾರಿನ್ ಮಂದಿ ಬಾಳ ಶಿಸ್ತು" ಅನ್ನೋ ಉತ್ತರ ಬ್ಯಾಡ. ಗೊತ್ತಿದ್ದವರು ಖರೇ ಸಂಗತಿ ಹೇಳ್ರಿ.

ಶಹಾಪುರ ಪಾರ್ಟಿ:

ಹನ್ನೊಂದು ಪಾಲುದಾರರು ಒಂದೇ ಗ್ರೂಪಿನ್ಯಾಗ ಇದ್ದೀರಲ್ಲ, ಅದೇ ದೊಡ್ಡ ಮಾತು. ನಮ್ಮ ಮನ್ಯಾಗ ನಾಲ್ಕು ಮಂದಿ, ಮೂರು ಗ್ರೂಪ್. ಉತ್ತರ ನನಗ ಗೊತ್ತಿಲ್ಲ, ಯಾರರ ಬರೀಲಿ ಅಂತ ಕಾಯ್ಲತ್ತೀನಿ.

ಚೌಬಾರಾ ಓಣಿ:

ಕಾಗಿಣಾ ದಂಡಿ ಅಣ್ಣಾರ, ನಾ ಬೀದರದಾಕಿ, ಚೌಬಾರಾದ ಹಿಂದಿನ ಓಣ್ಯಾಗ ಹುಟ್ಟಿ ಬೆಳದಾಕಿ. ಹಳೇ ಕಟ್ಟಡ ಅಳದು ನಕಾಶಿ ತೆಗಿಯೋದು ನನ್ನ ಕೆಲಸ. ಅದನ್ನ ಕಲೀಲಿಕ್ಕೇ ಎರಡು ವರ್ಷ ತೋರಿನೊದಾಗ ಇದ್ದೆ. ಇಸೊನ್ಯಕ್ಕ ಮೂರು ಸಲ ಹೋಗೀನಿ. ಉದ್ದ ಆಗ್ತದ, ಚಹಾ ಇಟ್ಕೊಂಡು ಓದ್ರಿ.

ಜಗಳ ಇರಲಿಲ್ಲೇನು ಅಂತ ಕೇಳೀರಿ. ಕೇಳಿ ನಿಮ್ಮ ಜೀವಕ್ಕ ತಂಪಾಗ್ಲಿ: 131 ವರ್ಷ ಇತ್ತು.

ಬುಡದಿಂದ ಹೇಳ್ತೀನಿ. ಆ ಜಾಗಾ ಮೊದಲು ಆವೊಸ್ತಾದ ಬಿಷಪ್‌ರದು. 1379ರಾಗ ಇಬ್ಲೆತೊ ದ ಶಲ್ಲಾನ್ ಅನ್ನಾಂವಗ ಜಾಗೀರಿ ಆಗಿ ಬಂತು. ನಿಜಾಮನ ಸೀಮ್ಯಾಗ ಹುಟ್ಟಿದವರಿಗೆ ಜಾಗೀರಿ ಅಂದ್ರೇನಂತ ಬಿಡಿಸಿ ಹೇಳೋದು ಬ್ಯಾಡ. ಇದೇ ಇಬ್ಲೆತೊ ಹೊಳಿ ಆಚಿಗೆ, ವೆರ್ರೆಸ್ ಊರಿನ ನೆತ್ತಿ ಮ್ಯಾಲಿನ ಬಂಡಿಗಲ್ಲಿಗೆ ಇನ್ನೊಂದು ಕೋಟಿ ಕಟ್ಟಿಸ್ಯಾನ, 1390ರಾಗ. ಅದು ಮಾತ್ರ ಕೋಟಿ ಅಂದ್ರ ಕೋಟಿ. ಒಂದೊಂದು ಬದಿ 30 ಮೀಟರ್ ಆಗೋ ಕಲ್ಲಿನ ಡಬ್ಬಿ. ನಡುವ ದೋರಾ ಬಾಲ್ತೆಯಾ ಹೊಳಿ. ಆಚಿ ದಂಡಿಗೆ ಬಡದಾಡೋ ಮನಿ, ಈಚಿ ದಂಡಿಗೆ ಬಾಳುವಿ ಮನಿ. ನಾ ಮೊದಲ್ನೇ ಸಲ ವೆರ್ರೆಸ್ ಸ್ಟೇಷನ್ನಿನ್ಯಾಗ ಇಳದು ಆ ಡಬ್ಬಿ ನೋಡಿ, ಇದೇ ಇಸೊನ್ಯ ಅಂತ ತಿಳದು ಗುಡ್ಡ ಏರಿದಾಕಿ. ಏರಿ ಮ್ಯಾಲ ಹೋಗಿ ಕೇಳಿದ್ರ ಅವರು ಕೆಳಗಿನ ಊರಿಗೆ ಬಟ್ಟ ತೋರಿಸಿದ್ರು.

ನಿಮ್ಮ ಅಳಿಯ ನೋಡಿದ ರೂಪ ಕೊಟ್ಟಾಂವ ಜಾರ್ಜ್ ದ ಶಲ್ಲಾನ್. 1490ರ ಸುಮಾರಿಗೆ ಸುರು ಮಾಡಿ 1509ಕ್ಕ ಸಾಯೋತನಕ ಕೆಲಸ ನಡಸ್ಯಾನ. ಅದೇ ಹೊತ್ತಿಗೆ ಇಲ್ಲಿ ನಮ್ಮ ಬೀದರದಾಗ ಕಾಸಿಂ ಬರೀದ ಬಹಮನಿ ಸುಲ್ತಾನನ್ನ ಗೊಂಬಿ ಮಾಡಿ ಕುಂದರಿಸಿದ್ದ. ಜಾರ್ಜ್ ಪಾದ್ರಿ, ಆವೊಸ್ತಾದ ಸಾಂತ್ ಓರ್ಸೊ ಮಠ ಅಂವನ ಕೈಯಾಗಿತ್ತು. ಇಷ್ಟೆಲ್ಲ ಕಟ್ಟಿಸಿದ್ದು ತನ್ನ ಸಲುವಾಗಿ ಅಲ್ಲ, ತೀರಿಹೋದ ಒಬ್ಬ ದಾಯಾದಿಯ ಹೆಂಡ್ತಿ ಮಾರ್ಗರೀತ್, ಆಕಿ ಮಗ ಫಿಲಿಬೆರ್, ಇವರ ಸಲುವಾಗಿ. ತಂದಿಲ್ಲದ ಹುಡುಗನ್ನ ತಾನೇ ನೋಡ್ಕೊಂಡ, ಮನೀನೂ ಕಟ್ಟಿ ಕೊಟ್ಟ. ದಾಯಾದಿ ಅಂದ್ರ ಹಿಂಗೂ ಇರ್ತಾರ, ನಿಮ್ಮ ಗ್ರೂಪಿನ್ಯಾಗ ಇದೊಂದು ಸಾಲು ಹಾಕ್ರಿ.

ಫಿಲಿಬೆರ್ ಮಗ ರೆನೆ. ಮನೆತನದಾಗ ದೊಡ್ಡ ಹೆಸರು ಅಂವಂದೇ. ಹೆಂಡ್ತಿ ಮೆನ್ಸಿಯಾ ಪೋರ್ಚುಗಲ್ಲಿನಾಕಿ. ಗಂಡಮಕ್ಕಳು ಆಗಲಿಲ್ಲ. 1565ರಾಗ ರೆನೆ ಸತ್ತ, ಆಸ್ತಿ ಮಗಳು ಇಸಾಬೆಲ್ಲಾ, ಆಕಿ ಗಂಡ ಮದ್ರುತ್ಸೊ ಮನೆತನದಾಂವ, ಇವರ ಕಡಿ ಹೋತು. ಅಲ್ಲಿಂದ ಸುರು. ಜಾಗೀರಿ ಗಂಡು ಸಂತತಿಗೆ ಬಿಟ್ರ ಹೆಣ್ಣಿಗೆ ದಾಟಂಗಿಲ್ಲ ಅಂತ ಶಲ್ಲಾನ್ ದಾಯಾದಿಗಳು ದಾವಾ ಹೂಡಿದ್ರು. ಇಸಾಬೆಲ್ಲಾ ಸತ್ಲು, ಮಕ್ಕಳು ಸತ್ರು, ಆಸ್ತಿ ಹೆಣ್ಣಮಕ್ಕಳ ಕೈಯಿಂದ ಬ್ಯಾರೆ ಬ್ಯಾರೆ ಮನೆತನಕ್ಕ ದಾಟ್ಕೋತ ಹೋತು, ದಾವಾ ಮಾತ್ರ ಸಾಯಲಿಲ್ಲ. 1696ರಾಗ ಇಸೊನ್ಯ ಗಂಡು ಕವಲಿನ ಶಲ್ಲಾನ್‌ಗಳಿಗೆ ತಿರುಗಿ ಬಂತು. ಗೆದ್ದು ಕಂಡಿದ್ದೇನು? 1802ರಾಗ ಕಡೀ ಕೌಂಟ್ ಸತ್ತ, ಮನೆತನಾನೇ ಮುಗೀತು.

ಆಮ್ಯಾಲಿನ 70 ವರ್ಷ ನಿಮ್ಮ ವಾಡೆ ಈಗಿದ್ದಂಗೇ ಅದೂ ಇತ್ತು. ಒಳಗಿನ ಸಾಮಾನು ಹೊರಗ ಹೋತು, ಕೈ ಬದಲಾತು, ಕೇಳವರಿಲ್ಲ. 1872ರಾಗ ಲಿಲಾವಿಗೆ ಬಂತು. ಹಿಡದಾಂವ ಶಲ್ಲಾನ್ ರಕ್ತದಾಂವ ಅಲ್ಲ, ತೋರಿನೊದ ಒಬ್ಬ ಚಿತ್ರಕಾರ, ವಿತ್ತೋರಿಯೋ ಅವೊಂಡೊ. ಅಂವಗ ಜೊತಿ ಸಿಕ್ಕವರು ಅಲ್ಫ್ರೇದೊ ದಾಂದ್ರಾದೆ ಅನ್ನೋ ಹಳೇ ಕಟ್ಟಡದ ಹುಚ್ಚ, ಜಾಕೋಸಾ ಅನ್ನೋ ನಾಟಕ ಬರೆಯಾಂವ. ಇವರು ಕೂಡಿ ಮಾಡಿದ್ದೇನಂದ್ರ, ಗ್ವಾಡಿ ದುರಸ್ತಿ ಮಾಡಿದ್ರು, ಚಿತ್ರದ ಮ್ಯಾಲ ಕೈಯಾಡಿಸಿ ಹೊಸಾದು ಮಾಡಲಿಲ್ಲ, ಮಾರಿ ಹೋಗಿದ್ದ ಸಾಮಾನು ಹಳೇ ಸಾಮಾನಿನ ಬಜಾರದಾಗ ಹುಡುಕಿ ತಿರುಗಿ ಕೊಂಡ್ರು. ಸಿಗದೇ ಇದ್ದಿದ್ದನ್ನ ಹಳೇದರಂಗೇ ಮಾಡಿಸಿದ್ರು. ಹಂಗಾಗಿ ನಿಮ್ಮ ಅಳಿಯ ಫೋಟೋ ತೆಗದ ಮಂಚ, ಕಪಾಟು ಎಲ್ಲಾ 500 ವರ್ಷದ್ದು ಅಂತ ತಿಳೀಬ್ಯಾಡ್ರಿ. ಗ್ವಾಡಿ ಜಾರ್ಜನವು, ಒಳಗಿನ ಸಂಸಾರ ಅವೊಂಡೊ ಹೂಡಿದ್ದು. ನನಗ ಇದರಾಗ ತಪ್ಪೇನೂ ಕಾಣಂಗಿಲ್ಲ, ಆದ್ರ ಅಲ್ಲಿಯ ಗೈಡ್ ಇದನ್ನ ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಿತ್ತು.

35 ವರ್ಷ ಇಟ್ಕೊಂಡು, 1907ರಾಗ ಅವೊಂಡೊ ಅದನ್ನ ಇಟಲಿ ಸರಕಾರಕ್ಕ ಕೊಟ್ಟುಬಿಟ್ಟ. 1948ರಿಂದ ಆವೊಸ್ತಾ ಪ್ರಾಂತದ ಕೈಯಾಗ ಅದ. ನಿಮ್ಮ ಅಳಿಯ ಕೊಟ್ಟ ಟಿಕೇಟಿನ ರೊಕ್ಕ ಅಲ್ಲಿ ಹೋಗ್ತದ.

ಅಂದ್ರ ಅಣ್ಣಾರ, ನಿಮ್ಮ ಪ್ರಶ್ನೆಕ್ಕ ಉತ್ತರ ಸ್ವಲ್ಪ ಖಾರ ಅದ. ಆ ಮನಿನ್ನ ಮನೆತನ ಉಳಿಸಲಿಲ್ಲ. ಮನೆತನ ಮುಗದ ಮ್ಯಾಲ ಅದು ಉಳೀತು. ಕಟ್ಟಿದಾಂವಗೂ ಅದು ತನ್ನ ಪಾಲಿಗೆ ಬೇಕಾಗಿರಲಿಲ್ಲ, ಉಳಿಸಿದಾಂವಗೂ ಬೇಕಾಗಿರಲಿಲ್ಲ. ನಡುವ ಪಾಲು ಬೇಕಂದವರು 131 ವರ್ಷ ಕೋರ್ಟಿಗೆ ಅಡ್ಡಾಡಿದ್ರು.

ಈಗ ನನಗ ಇಷ್ಟದ ಮಾತಿಗೆ ಬರ್ತೀನಿ. ನಿಮ್ಮ ಅಳಿಯಗ ಕೇಳ್ರಿ, ಪಡಸಾಲಿ ಕಮಾನಿನ ಕೆಳಗಿನ ಅರ್ಧಚಂದ್ರ ಗ್ವಾಡಿಗಳ ಫೋಟೋ ತೆಗದಾನೇನು ಅಂತ. ರಾಜರ ಚಿತ್ರ ಅಲ್ಲ, ದೇವರ ಚಿತ್ರ ಅಲ್ಲ, ಬಜಾರ! ಒಂದರಾಗ ದರ್ಜಿ ಅಂಗಡಿ, ಹಿಂದ ಬಟ್ಟಿ ತಾಗು ಪೇರಿಸಿಟ್ಟಾರ, ಮುಂದ ಒಬ್ಬಾಂವ ಬಟ್ಟಿ ಕತ್ತರಿಸ್ಲತ್ತಾನ. ಒಂದರಾಗ ಔಷಧದ ಅಂಗಡಿ, ಹಲಗಿ ಮ್ಯಾಲ ಸಾಲಾಗಿ ಭರಣಿ, ಕೆಳಗ ಒಬ್ಬಾಂವ ಕಲಬತ್ತಿನ್ಯಾಗ ಕುಟ್ಲತ್ತಾನ. ಒಂದರಾಗ ರೊಟ್ಟಿ ಭಟ್ಟಿ. ಒಂದರಾಗ ಪಹರೆದವರು ಆಯುಧ ಗ್ವಾಡಿಗೆ ತೂಗಹಾಕಿ ಆಟಕ್ಕ ಕುಂತಾರ, ಥೇಟ್ ನಮ್ಮ ಅಗಸಿ ಕಟ್ಟಿ. ಗುಂಡಗಿನ ಚೀಸ್ ಪೇರಿಸಿದ ಅಂಗಡಿನೂ ಅದ, ಆ ಕಣಿವಿಯವರ ಫೊಂತಿನಾ ಚೀಸ್ ಇದೇ ಅಂತ ಹೇಳ್ತಾರ.

ಕಾಯಿಪಲ್ಲೆ ಸಂತಿ ಚಿತ್ರದ ಮುಂದ ನಾ ಬಾಳೊತ್ತು ನಿಂತಿದ್ದೆ. ಏನೋ ಕಮ್ಮಿ ಅದ ಅನಸ್ತಿತ್ತು, ಏನಂತ ಹೊಳೀಲಿಲ್ಲ. ಆಮ್ಯಾಲ ಹೊಳೀತು, ಟಮಾಟಿ ಇಲ್ಲ! ಇಟಲಿ ಸಂತಿ, ಟಮಾಟಿ ಇಲ್ಲ. 1500ರ ಸುಮಾರಿಗೆ ಅಮೇರಿಕದ ಆ ಹಣ್ಣು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ನಗಬ್ಯಾಡ್ರಿ, ಕಲಬುರಗಿ ಕೋಟಿಯೊಳಗ ಆಳಿದ ಬಹಮನಿ ಸುಲ್ತಾನರೂ ಒಂದು ಚಮಚ ಖಾರಪುಡಿ ತಿಂದವರಲ್ಲ. ಮೆಣಸಿನಕಾಯಿನೂ ಅದೇ ಅಮೇರಿಕದ್ದು, ನಮ್ಮ ಕಡಿಗೆ ಪೋರ್ಚುಗೀಸರು ತಂದ ಮ್ಯಾಲೇ ಬಂತು.

ಇನ್ನ ಆ ಕಬ್ಬಿಣದ ಗಿಡ. ಎಂಟು ಮೂಲಿ ಕಲ್ಲಿನ ತೊಟ್ಟಿ, ನಡುವ ಬಡದು ಮಾಡಿದ ದಾಳಿಂಬ್ರಿ ಗಿಡ. ಹಣ್ಣು ದಾಳಿಂಬ್ರಿದು, ಎಲಿ ಮಾತ್ರ ಓಕ್ ಮರದ್ದು. ಓಕ್ ಗಟ್ಟಿತನಕ್ಕ, ದಾಳಿಂಬ್ರಿ ಮಕ್ಕಳುಮರಿಗೆ ಅಂತ ಅರ್ಥ ಹೇಳ್ತಾರ. ಎಲಿ ಸಂದಿಗೆ ಸಣ್ಣ ಸಣ್ಣ ಡ್ರ್ಯಾಗನ್ ಕುಂತಾವ, ಹುಡುಕಿದ್ರೇ ಕಾಣ್ತಾವ. ಇದರಾಗ ನನ್ನದೊಂದು ಫಜೀತಿ ಅದ. ತೋರಿನೊಕ್ಕ ಹೋದ ಮೊದಲ್ನೇ ತಿಂಗಳು ಪೊ ನದಿ ದಂಡಿ ತೋಟದಾಗ ಇಂಥಾದ್ದೇ ಗಿಡದ ಮುಂದ ನಿಂತು ಫೋಟೋ ತೆಗಿಸಿ, "500 ವರ್ಷದ ಕಾರಂಜಿ" ಅಂತ ಬರದು ಊರಿಗೆ ಕಳಿಸಿದ್ದೆ. ನಮ್ಮ ಓಣಿಯ ಬಿದರಿ ಕೆಲಸದ ಚಾಚಾ ನೋಡಿ, "ಬೇಟಾ, 500 ವರ್ಷ ನೀರಾಗ ನಿಂತ ಕಬ್ಬಿಣ ಇಷ್ಟು ಚೊಕ್ಕ ಇರ್ತದೇನ?" ಅಂದ್ರು. ನನಗ ಸಿಟ್ಟು ಬಂತು. ಮರುದಿನ ಹೋಗಿ ಅಲ್ಲಿಯ ಫಲಕ ಓದಿದೆ. 1884ರಾಗ ತೋರಿನೊದಾಗ ದೊಡ್ಡ ಪ್ರದರ್ಶನ ಆದಾಗ ಇದೇ ದಾಂದ್ರಾದೆ ಆ ಸೀಮಿ ಕೋಟಿಗಳನ್ನೆಲ್ಲ ನೋಡಿ ಒಂದು ಹಳೇ ಊರಿನ ನಕಲು ಕಟ್ಟಿಸಿದ್ದ, ಆ ಗಿಡ ಇಸೊನ್ಯದ ಗಿಡದ ನಕಲು. ಚಾಚಾ ಗೆದ್ದ್ರು. ಮುಂದ ಖರೇ ಗಿಡ ನೋಡಲಿಕ್ಕ ಹೋದ್ರ ಅದೂ ಅಷ್ಟೇ ಚೊಕ್ಕ ಇತ್ತು! ಚಾಚಾಗ ಇದನ್ನ ಇನ್ನೂ ಹೇಳಿಲ್ಲ.

ಇನ್ನೊಂದೇ ಮಾತು. ಆ ಅಂಗಳದ ಗ್ವಾಡಿ ಮ್ಯಾಲ ಶಲ್ಲಾನ್‌ರ ವಂಶದ ಮುದ್ರಿ ಎಲ್ಲ ಬಿಡಿಸ್ಯಾರ, ಯಾರ ಮನೀಗೆ ಯಾರನ್ನ ಕೊಟ್ರು ತಂದ್ರು ಅನ್ನೋ ಸಕಟ. ಅದಕ್ಕ "ಶಲ್ಲಾನ್ ಮಕ್ಕಳಿಗೆ ಕನ್ನಡಿ" ಅಂತ ಹೆಸರು. ಹುಡುಗರು ಅಂಗಳದಾಗ ಆಡ್ಕೋತ ಹಿರಿಯರನ್ನ ಕಲೀಬೇಕಂತ. ನಾ ನೋಡಿದ ಕೂಡ್ಲೆ ನೆನಪಾದವರು ಹೆಳವರು. ನಮ್ಮ ಅಜ್ಜಿ ಊರಿಗೆ ಸುಗ್ಗಿ ಮುಗದ ಮ್ಯಾಲ ಎತ್ತಿನ ಮ್ಯಾಲ ಬಂದು, ಪಡಸಾಲ್ಯಾಗ ಕುಂತು, ಏಳು ತಲಿಯಿಂದ ಸುರು ಮಾಡಿ ನನ್ನ ಹೆಸರಿನತನಕ ಹಾಡಿ ಜ್ವಾಳ ತಗೊಂಡು ಹೋಗ್ತಿದ್ರು. ಅವರು ಗ್ವಾಡಿಗೆ ಬರದ್ರು, ನಾವು ಹೆಳವರ ಹೊಟ್ಟ್ಯಾಗ ಇಟ್ಟೀವಿ.

ಪಡಸಾಲಿ, ಓಣಿ, ಬಾಗಿಲ ಪಕ್ಕ ಎಲ್ಲಾ ಕಡಿ ಮಂದಿ ಮೊಳಿಯಿಂದ ಕೆತ್ತಿದ ಬರಹನೂ ಅವ. ನೂರಾರು ವರ್ಷದಾಗ ಬಂದ ಬೀಗರು, ಮನಿ ಮಂದಿ, ಆಳುಗಳು, ಫ್ರೆಂಚಿನ್ಯಾಗ, ಲ್ಯಾಟಿನ್ನಿನ್ಯಾಗ, ರೊಕ್ಕದ ಚಿಂತಿ, ಮನಸ್ಸು ಕೊಟ್ಟ ಮಾತು. ಎದುರಿಂದ ನೋಡಿದ್ರ ಏನೂ ಕಾಣಂಗಿಲ್ಲ. ಬ್ಯಾಟರಿ ಬೆಳಕು ಗ್ವಾಡಿ ಬದಿಗೆ ಸವರಿ ಹಿಡದ್ರ ಅಕ್ಷರ ಎದ್ದು ಬರ್ತಾವ.

ತೊಗರಿ ಕಣಜ:

ಮೇಡಂ, ಬಾಳ ಚಂದ ಬರದೀರಿ. ಆದ್ರ ನಾ ಒಂದು ಕೆಟ್ಟ ಪ್ರಶ್ನೆ ಕೇಳ್ತೀನಿ, ಕಾಗಿಣಾ ದಂಡಿ ಅಣ್ಣಾರೂ ಸಿಟ್ಟಾಗಬ್ಯಾಡ್ರಿ. ವಾಡೆ ಯಾಕ ಉಳೀಬೇಕು?

ನಮ್ಮೂರು ಸೇಡಂ ಕಡಿ. ನಮ್ಮೂರಾಗೂ ಒಂದು ವಾಡೆ ಇತ್ತು. ನಮ್ಮ ಮುತ್ಯಾ ಅಲ್ಲಿ ಇಪ್ಪತ್ತು ವರ್ಷ ಜೀತಕ್ಕಿದ್ದ. ದೇವಡಿ ಹತ್ರ ಬಂದ್ರ ಚಪ್ಪಲಿ ಕೈಯಾಗ. ಹಗೇವು, ಅಂದ್ರ ನೆಲದಾಗಿನ ಕಣಜ, ಅದರ ಒಳಗ ಇಳದು ಜ್ವಾಳ ತುಂಬೋದು ಅಂವನ ಕೆಲಸ, ಒಮ್ಮೆ ಒಳಗಿನ ಕಾವಿಗೆ ಎಚ್ಚರ ತಪ್ಪಿ ಬಿದ್ದವನ್ನ ಹಗ್ಗ ಹಾಕಿ ಎಳದ್ರಂತ. ಆ ವಾಡೆ ಬಿದ್ದಾಗ ನಮ್ಮ ಓಣ್ಯಾಗ ಯಾರೂ ಅಳಲಿಲ್ಲ. ಅದರ ಕಲ್ಲು ತಂದು ನಮ್ಮಪ್ಪ ಮನಿ ಮುಂದಿನ ಕಟ್ಟಿ ಕಟ್ಟ್ಯಾನ, ನಾ ಈಗ ಅದರ ಮ್ಯಾಲೇ ಕುಂತು ಬರೀಲತ್ತೀನಿ. ಆ ಇಸೊನ್ಯದ ದರ್ಜಿ, ರೊಟ್ಟಿಯಾಂವ, ಅವರ ಚಿತ್ರ ಬರಸ್ಯಾರ ಸರಿ. ಕೂಲಿ ಎಷ್ಟು ಕೊಟ್ರು ಅಂತ ಬರಸ್ಯಾರೇನು?

ಚೌಬಾರಾ ಓಣಿ:

ಕೆಟ್ಟ ಪ್ರಶ್ನೆ ಅಲ್ಲ ತಮ್ಮಾ. ಗ್ವಾಡಿ ಮ್ಯಾಲ ಕೂಲಿ ಬರದಿಲ್ಲ. ಚಿತ್ರದಾಗಿನ ಆ ಮಂದಿಯೆಲ್ಲ ಮೈತುಂಬ ಬಟ್ಟಿ ಹಾಕ್ಯಾರ, ಅಂಗಡಿ ತುಂಬಿ ತುಳಕ್ತಾವ. ನಮ್ಮ ಆಳ್ವಿಕ್ಯಾಗ ಹಿಂಗ ಸಮೃದ್ಧಿ ಅದ ಅಂತ ಬೀಗರಿಗೆ ತೋರಿಸೋ ಚಿತ್ರ ಅವು. ಅದನ್ನ ನಾ ಮೊದಲೇ ಬರೀಬೇಕಿತ್ತು.

ಆದ್ರ ಒಂದು ಹೇಳ್ತೀನಿ. ಅಲ್ಲಿ ಅಡಗಿಮನಿ ಮತ್ತ ಊಟದ ಖೋಲಿ ನಡುವಿನ ಗ್ವಾಡ್ಯಾಗ ಒಂದು ಸಣ್ಣ ಕಿಂಡಿ ಅದ, ತಾಟು ದಾಟಿಸಲಿಕ್ಕ. ಕೈ ಕಾಣ್ತದ, ಮಾರಿ ಕಾಣಂಗಿಲ್ಲ. ಆ ಕಿಂಡಿ ಮುಂದ ನಿಂತಾಗ ನನಗ ಆ ಮನಿ ಬಗ್ಗೆ ತಿಳದಷ್ಟು ರಾಜನ ಖೋಲಿ ಛತ್ತಿನ್ಯಾಗಿನ ಹೂವಿನಿಂದ ತಿಳೀಲಿಲ್ಲ. ಗ್ವಾಡಿ ಬಿದ್ದಿದ್ರ ಕಿಂಡಿನೂ ಹೋಗ್ತಿತ್ತು. ನಿಮ್ಮ ಮುತ್ಯಾ ಇಳದ ಹಗೇವು ಈಗ ಎಲ್ಲದ?

ತೊಗರಿ ಕಣಜ:

ಮುಚ್ಚ್ಯಾರ. ಮ್ಯಾಲ ಟಾವರ್ ನಿಂತದ, ಮೊಬೈಲಿಂದು.

ಮೋಜಣಿ ಕಾಕಾ:

ನಾ ಮೋಜಣಿ ಖಾತ್ಯಾಗ ಮೂವತ್ತೆರಡು ವರ್ಷ ಸರಪಳಿ ಎಳದಾಂವ. ನಿಜಾಮನ ಕಾಲದ ಉರ್ದು ಕಾಗದ, ಮೋಡಿ ಲಿಪಿ (ಮರಾಠಿ ಬರೆಯೋ ಹಳೇ ಲಿಪಿ) ಕಾಗದ ಓದೋ ಚಟ ಇನ್ನೂ ಅದ. ನಂದು ಕಾಯ್ದೆ ಮಾತು, ಚಿತ್ರದ ಮಾತು ಬೀದರದ ತಂಗಿ ಹೇಳ್ಯಾಳ.

ಆ ಇಸಾಬೆಲ್ಲಾಬಾಯಿ ನಮ್ಮಲ್ಲಿ ಈಗ ಹುಟ್ಟಿದ್ದ್ರ ಗೆಲ್ತಿದ್ಲು. ನಮ್ಮ ರಾಜ್ಯದಾಗ 1994ರಾಗ ಹೆಣ್ಣಮಕ್ಕಳಿಗೆ ಹಿರಿಯರ ಆಸ್ತ್ಯಾಗ ಪಾಲು ಕೊಟ್ರು, ಆದ್ರ ಅದಕ್ಕೂ ಮೊದಲು ಮದಿವ್ಯಾದವರಿಗೆ ಇರಲಿಲ್ಲ. 2005ರಾಗ ದಿಲ್ಲಿ ಕಾಯ್ದೆ ತಿದ್ದಿದ ಮ್ಯಾಲ ಆ ಭೇದ ಹೋತು. ಜಾಗೀರಿ ಮಾತು ಅಂದ್ರ ನಮ್ಮ ಸೀಮ್ಯಾಗ 1949ಕ್ಕೇ ರದ್ದಾತು. ಇಟಲ್ಯಾಗೂ 1948ರ ಸಂವಿಧಾನದಾಗ ಕೌಂಟ್, ಬ್ಯಾರನ್ ಬಿರುದಿಗೆ ಮಾನ್ಯತಾ ಇಲ್ಲ ಅಂತ ಬರದಾರ, ಓದೀನಿ. ಅಂದ್ರ ಎರಡೂ ಕಡಿ ಗತ್ತು ಒಮ್ಮೇ ಇಳದದ, ಒಂದು ವರ್ಷ ಹಿಂದ ಮುಂದ.

ಕಾಗಿಣಾ ದಂಡಿಯವರು ಎರಡು ಕೆಲಸ ಮಾಡ್ರಿ. ಕೇಸ್ ನಡದಾಗ ಯಾರೋ ಒಬ್ಬರು ಕಂಬ ಕಿತ್ತಿ ಮಾರಿದ್ರ ಉಳದವರೂ ಸಿಕ್ಕೋತೀರಿ. ನಿಮ್ಮ ವಕೀಲರಿಗೆ ಹೇಳಿ ತಡೆಯಾಜ್ಞೆ ಕೇಳ್ರಿ. ಎರಡನೇದು, ಬಿದ್ದ ಮಣ್ಣು ತೆಗಿಸೋ ಖರ್ಚಿಂದ ಯಾರಿಗೂ ಹೆಚ್ಚಿನ ಹಕ್ಕ ಬರಂಗಿಲ್ಲ, ವಾಟ್ನಿ (ಪಾಲು ಹಂಚಿಕಿ) ಆದಾಗ ಆ ಖರ್ಚು ಎಲ್ಲರ ಲೆಕ್ಕಕ್ಕ ಹಾಕ್ತೀವಿ ಅಂತ ಒಂದು ಕರಾರು ಬರದು ಹನ್ನೊಂದೂ ಮಂದಿ ಸಹಿ ಹಾಕ್ರಿ. ಪುಣೆಯವರ ಸಹಿ ಮೊದಲು ಹಾಕಿಸ್ರಿ. ದೂರ ಇದ್ದವರು ಹಾಕಿದ್ರ ಹತ್ರ ಇದ್ದವರಿಗೆ ನಾಚಿಗಿ ಬರ್ತದ.

ಚೌಬಾರಾ ಓಣಿ:

ಕಾಕಾ ಹೇಳಿದ ಮಣ್ಣಿಂದು ಮುಂದಿನ ಮಳಿಗಿಂತ ಮೊದಲೇ ಆಗಬೇಕು ಅಣ್ಣಾರ. ಮಾಳಗಿ ಮಣ್ಣು ನೀರು ಕುಡದು ತೂಕ ಹೆಚ್ಚಾಗಿ ಗ್ವಾಡಿ ಬುಡಕ್ಕ ಒರಗಿ ಕುಂದರ್ತದ, ಬುಡ ನೆಂದ್ರ ಉಬ್ಬಿ ಹೊರಗ ಬೀಳ್ತದ. ಮಣ್ಣು ತೆಗದು ಮ್ಯಾಲ ತಾಡಪತ್ರಿ ಕಟ್ರಿ, ಅಷ್ಟೇ ಸಾಕು ಈಗ. ಮತ್ತ ಕೈ ಮುಗದು ಕೇಳ್ತೀನಿ, ಯಾವ ಗೌಂಡಿ ಹೇಳಿದ್ರೂ ಗಚ್ಚಿನ ಗ್ವಾಡಿಗೆ ಸಿಮೆಂಟ್ ಗಿಲಾವ ಮಾಡಿಸಬ್ಯಾಡ್ರಿ. ಗಚ್ಚು ಉಸಿರಾಡ್ತದ, ಸಿಮೆಂಟ್ ಬಾಯಿ ಮುಚ್ಚತದ. ಒಳಗಿನ ತೇವ ಹೊರಗ ಬರಲಿಕ್ಕ ದಾರಿ ಸಿಗದೇ ಕಲ್ಲನ್ನೇ ತಿಂತದ. ನಮ್ಮ ಬೀದರದ ಕೆಂಪುಕಲ್ಲಿನ ಮನಿಗಳಾಗ ಇದನ್ನ ದಿನಾ ನೋಡ್ತೀನಿ, ಹೊರಗ ನುಣ್ಣಗ ಗಿಲಾವ, ತಟ್ಟಿದ್ರ ಒಳಗ ಪೊಳ್ಳು.

ಕಾಗಿಣಾ ದಂಡಿ:

ಮೂರು ವಾರ ಆತು, ಉತ್ತರ ಬರೀಲಿಕ್ಕ ತಡ ಆತು, ಕ್ಷಮಿಸ್ರಿ. ಪುಣೆಯವರು ಸಹಿ ಹಾಕಿ ಕಳಿಸ್ಯಾರ. ಕಾಕಾ ಅಂದಂಗೇ ಆತು, ಅದನ್ನ ನೋಡಿ ಆರು ಮಂದಿ ಹಾಕಿದ್ರು. ಇನ್ನೂ ನಾಲ್ಕು ಮಂದಿ "ನೋಡೋಣ" ಅಂತಾರ. ಆದ್ರ ಮಣ್ಣಿಗೆ "ನೋಡೋಣ" ಅನ್ನಲಿಕ್ಕ ಬರಂಗಿಲ್ಲಲ್ಲ, ನಾನೂ ನಮ್ಮ ಅಕ್ಕನೂ ಹೋಗಿ ಎರಡು ದಿನ ನಿಂತು ತೆಗಿಸಿದ್ವಿ. ಏಳು ಟ್ರ್ಯಾಕ್ಟರ್ ಆತು. ತಾಡಪತ್ರಿ ಕಟ್ಟೀವಿ. ಕಂಬ ಹದಿನಾರಕ್ಕ ಹದಿನಾರೂ ಅವ, ಎಣಿಸಿ ಬಂದೀನಿ.

ತೊಗರಿ ಕಣಜ ತಮ್ಮಾ, ನಿಮ್ಮ ಮಾತು ಆ ಎರಡು ದಿನ ತಲ್ಯಾಗ ಕುಂತಿತ್ತು. ನಮ್ಮ ವಾಡೆದಾಗೂ ಹಗೇವು ಅವ, ಮೂರು. ಯಾರು ಇಳೀತಿದ್ರು ಅಂತ ಸಣ್ಣಕಾಕಾಗ ಕೇಳಿದೆ. ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಹೆಸರು ಹೇಳಿದ. ಅದರಾಗ ಒಬ್ಬರ ಮೊಮ್ಮಗ ಅವತ್ತು ನಮ್ಮ ಟ್ರ್ಯಾಕ್ಟರ್ ಹೊಡೀಲತ್ತಿದ್ದ, ನನಗ ಗೊತ್ತೇ ಇರಲಿಲ್ಲ.

ಮತ್ತ ಬೀದರದ ತಂಗೀ, ನೀವು ಹೇಳಿದಂಗ ಸಂಜಿಮುಂದ ಮೊಬೈಲ್ ಬ್ಯಾಟರಿ ಗ್ವಾಡಿ ಬದಿಗೆ ಹಿಡದು ನೋಡಿದೆ. ದೇವಡಿ ಒಳಗಿನ ಬಲಗಡಿ ಗ್ವಾಡಿ, ಹಗೇವಿನ ಬಾಯಿ ಹತ್ರ, ಮಂಡಿ ಎತ್ತರಕ್ಕ ಸುಣ್ಣ ಉದುರಿದಲ್ಲಿ ಏನೋ ಕೆತ್ಯಾರ. ಸಾಲು ಸಾಲು ಗೀಟು ಅವ, ಐದೈದರ ಗುಂಪು. ಪಕ್ಕಕ್ಕ ಅಕ್ಷರ ಇದ್ದಂಗ ಅವ, ಕನ್ನಡ ಅಲ್ಲ, ಉರ್ದು ಅನಸಂಗಿಲ್ಲ. ಐವತ್ತು ವರ್ಷ ಆ ದೇವಡ್ಯಾಗ ಅಡ್ಡಾಡೀನಿ, ಒಮ್ಮೆನೂ ಕಂಡಿಲ್ಲ. ಫೋಟೋ ಹಾಕೀನಿ. ಮೋಜಣಿ ಕಾಕಾ, ನೋಡ್ತೀರೇನು?

ಮೋಜಣಿ ಕಾಕಾ:

ಫೋಟೋ ತಲಿಕೆಳಗಾಗಿ ಹಾಕೀರಿ. ತಿರುವಿ ನೋಡಿದೆ. ಮೋಡಿ ಅದ, ಕಲಿತವರ ಕೈ ಅಲ್ಲ. ಗೀಟು ಚೀಲದ ಲೆಕ್ಕ ಇರಬೇಕು. ಮ್ಯಾಲಿನ ಸಾಲಿನ್ಯಾಗ ಜ್ವಾಳ ಅನ್ನೋದು ಸಾಫ್ ಅದ. ಕೆಳಗ ಒಂದು ಹೆಸರದ, ಹೆಣ್ಮಗಳದು. ಮೊದಲ್ನೇ ಅಕ್ಷರ ಸುಣ್ಣದಾಗ ಮುಚ್ಚ್ಯದ. ಉಗುರು ಹಚ್ಚಬ್ಯಾಡ್ರಿ, ಒಣ ಕುಂಚದಿಂದ ಮೆಲ್ಲಗ ಜಾಡಿಸಿ, ಬೆಳಕು ಎಡಗಡಿಯಿಂದ ಹಿಡದು ಇನ್ನೊಂದು ತೆಗೀರಿ.

ತೊಗರಿ ಕಣಜ:

ಹೆಸರು ಏನಂತ ಅದ ಕಾಕಾ? ಗೊತ್ತಾದಷ್ಟು ಹೇಳ್ರಿ.